ಉದ್ದ ಬೆನ್ನಿನ ನೀಲಿ ಗಾಡಿ

ನನ್ನ ಯಜಮಾನರು ಮಹಾರುದ್ರಪ್ಪನವರಿಗೆ ಗಾಡಿ ಎಂದರೆ ಎತ್ತರ. ಮನೆ ಮುಂದೆ ನಿಲ್ಲಿಸಿದರೆ ಎದುರುಮನೆಯವರು ಕತ್ತೆತ್ತಿ ನೋಡಬೇಕು. ಅಷ್ಟಾದರೆ ಸಾಕು, ಒಳಗೆ ಕೂರಲು ಬರೀ ಮಣೆ ಹಾಕಿದ್ದರೂ ಅವರಿಗೆ ನಡೆಯುತ್ತದೆ. ನನ್ನ ಲೆಕ್ಕ ಬೇರೆ. ಹುಮನಾಬಾದಿಗೆ ಹತ್ತಿಕೊಂಡಿರುವ ಮಾಣಿಕನಗರದಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ. ಸೋಲಾಪುರಕ್ಕೆ ಹೋಗಿ ಮಾಲು ಆರಿಸುವವಳೂ ನಾನೇ, ಗಾಡಿ ಓಡಿಸಿಕೊಂಡು ತರುವವಳೂ ನಾನೇ. ನಮ್ಮ ಸಣ್ಣ ಕಾರಿನ ಡಿಕ್ಕಿಯಲ್ಲಿ ಹಿಡಿಯದ ಸೀರೆಗಂಟುಗಳು ಮುಂದಿನ ಸೀಟಿಗೆ ಬಂದು ನನ್ನ ಪಕ್ಕದಲ್ಲಿ ಸವತಿಯ ಹಾಗೆ ಒತ್ತಿಕೊಂಡು ಕೂರುತ್ತಿದ್ದವು. ಹುಮನಾಬಾದ್ ಬರುವಷ್ಟರಲ್ಲಿ ಸೊಂಟ ನನ್ನದೋ ಬೇರೆಯವರದೋ ತಿಳಿಯದಂತಾಗುತ್ತಿತ್ತು.

ಅದಕ್ಕೇ ಈ ಸಲ ಗಾಡಿ ನಾನು ಆರಿಸುತ್ತೇನೆ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಮುಂದೆ ಕೂತವರಿಗೆ ದೊಡ್ಡ ಕಾರಿನ ಸುಖ ಇರಬೇಕು, ಹಿಂದೆ ಟೆಂಪೋದಷ್ಟು ಹೊಟ್ಟೆ ಇರಬೇಕು. ಮೊಬೈಲಿನಲ್ಲಿ ಹುಡುಕಿದಾಗ ಅಂಥದ್ದೊಂದು ಜಾತಿಯೇ ಇದೆ ಎಂದು ಗೊತ್ತಾಯಿತು. ನೆಲಕ್ಕೆ ಹತ್ತಿರ, ಬೆನ್ನು ಉದ್ದ, ಒಳಗೆಲ್ಲ ಚರ್ಮ, ಮೆತ್ತನೆ ಸವಾರಿ. ಜರ್ಮನಿಯವರು ಮಾಡುವ ಗಾಡಿ. ನಮ್ಮ ಕಡೆ ಹೊಸದು ಸಿಗುವುದಿಲ್ಲ, ಹೈದರಾಬಾದಿನವರು ಮಾರಿದ ಹಳೆಯದು ಸಿಕ್ಕರೆ ಪುಣ್ಯ. ಬಸವಕಲ್ಯಾಣದ ಹತ್ತಿರ ಸಸ್ತಾಪುರ ಬಂಗ್ಲಾದಲ್ಲಿ, ಹೈವೇಗೆ ಹತ್ತಿಕೊಂಡಿರುವ ಬಂದೇನವಾಜ್ ಭಾಯ್ ಅವರ ಹಳೆ ಗಾಡಿ ಮಾರುವ ಅಡ್ಡಾದಲ್ಲಿ ಅಂಥವು ಎರಡು ನಿಂತಿವೆ ಎಂದು ಸುದ್ದಿ ಬಂತು. ಪುಷ್ಯದ ಚಳಿಯ ಒಂದು ಬೆಳಿಗ್ಗೆ, ಸೋಲಾಪುರದಿಂದ ಗಂಟುಗಳ ಸಮೇತ ವಾಪಸು ಬರುವಾಗ, ಯಜಮಾನರನ್ನು ಎಬ್ಬಿಸಿ ಅಲ್ಲಿ ಇಳಿದೆ.

ಬಂದೇನವಾಜ್ ಭಾಯ್ ಅರ್ಧ ಜಿಲ್ಲೆಗೆ ಲಾರಿ ಮಾರಿದವರು. ಅವರ ಹೆಗಲ ಮೇಲಿನ ಟವೆಲು ಅವರಷ್ಟೇ ಪ್ರಸಿದ್ಧ. ದನದ ಸಂತೆಯ ಪದ್ಧತಿ ಆ ಅಡ್ಡಾದಲ್ಲಿ ಲಾರಿಗೂ ಕಾರಿಗೂ ಹಾಗೇ ನಡೆದುಕೊಂಡು ಬಂದಿದೆ. ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಮಾರುವವರೂ ಕೊಳ್ಳುವವರೂ ಕೈ ಹಿಡಿಯುತ್ತಾರೆ. ಬೆರಳಿಗೊಂದು ಲೆಕ್ಕ, ಬೆರಳಿನ ಗೆಣ್ಣಿಗೆ ಇನ್ನೊಂದು ಲೆಕ್ಕ, ಅಂಗೈ ಒತ್ತಿದರೆ ಒಪ್ಪಿಗೆ. ಸುತ್ತ ನಿಂತವರು ಮುಖ ನೋಡಿ ಊಹೆ ಮಾಡಬೇಕು ಅಷ್ಟೆ. ನನ್ನ ತವರು ಬೇಮಳಖೇಡ, ಅಪ್ಪ ಎತ್ತಿನ ವ್ಯಾಪಾರಿ. ಹೀಗಾಗಿ ಈ ವಿದ್ಯೆ ನನಗೆ ಲಂಗ ಹಾಕುವ ವಯಸ್ಸಿನಲ್ಲೇ ಬಂದಿತ್ತು.

ಅವರ ಮಗಳು ಫರಹತ್. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಅಡ್ಡಾದಲ್ಲೇ ಇದ್ದಾಳೆ. ಗಾಡಿ ತರಿಸುವುದು, ಪರೀಕ್ಷೆ ಮಾಡುವುದು, ಬಂದವರನ್ನು ಕೂರಿಸಿಕೊಂಡು ಓಡಿಸಿ ತೋರಿಸುವುದು ಎಲ್ಲ ಅವಳೇ. ಬೆಲೆಯ ಮಾತು ಬಂದಾಗ ಮಾತ್ರ ಅವಳು ಪಕ್ಕಕ್ಕೆ ಸರಿಯಬೇಕು. ಹೆಣ್ಣುಮಗಳು ಪರಗಂಡಸಿನ ಕೈ ಹೇಗೆ ಹಿಡಿದಾಳು? ಬೆಲೆ ಮಾತಾಡಲಾರದವರು ವ್ಯಾಪಾರಿ ಹೇಗಾದಾರು? ಅಲ್ಲಿಗೆ ಚರ್ಚೆ ಮುಗಿಯಿತು. ಇದನ್ನು ನನಗೆ ನಗುನಗುತ್ತಾ ಹೇಳಿದವನು ದಲ್ಲಾಳಿ ಭೀಮಶಾ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಗಾಡಿಗಳು ಎರಡೂ ಒಂದೇ ಅಚ್ಚಿನವು. ಒಂದು ಬಿಳಿ, ಒಂದು ಗಾಢ ನೀಲಿ. ಉದ್ದ ಬೆನ್ನಿನ ಕಾರು ನಮ್ಮ ಜನ ಕಂಡದ್ದೇ ಎರಡು ಸಂದರ್ಭಗಳಲ್ಲಿ. ಹೀಗಾಗಿ ಬಿಳಿಯದಕ್ಕೆ ಅಂಬುಲೆನ್ಸ್ ಎಂದೂ ನೀಲಿಯದಕ್ಕೆ ಹೆಣದ ಗಾಡಿ ಎಂದೂ ಹೆಸರು ಬಿದ್ದಿತ್ತು. ಬಿಳಿಯದನ್ನು ಬಂದೇನವಾಜ್ ಭಾಯ್ ಬಸವಕಲ್ಯಾಣದ ಒಬ್ಬ ಗುತ್ತಿಗೆದಾರನಿಂದ ತಾವೇ ಕೊಂಡಿದ್ದರು. ನೀಲಿಯದನ್ನು ಹೈದರಾಬಾದಿನ ಹರಾಜಿನಲ್ಲಿ ಹಟ ಹಿಡಿದು ಕೊಳ್ಳಿಸಿದವಳು ಫರಹತ್. ದೀಪಾವಳಿಯಿಂದ ಅದನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ಭೀಮಶಾ ನಮ್ಮನ್ನು ನೇರ ಬಿಳಿ ಗಾಡಿಯ ಬೆನ್ನಿನ ಕಡೆಗೆ ಕರೆದೊಯ್ದ. ಅಲ್ಲಿ ಹೊಳೆಯುವ ಅಕ್ಷರದ ಒಂದು ಪಟ್ಟಿ ಇತ್ತು.

"ನೋಡ್ರಿ ಸಾವ್ಕಾರ್ರ, ಟಾಪ್ ಮಾಡೆಲ್. ಇದರ ಮ್ಯಾಲ ಮತ್ತೊಂದಿಲ್ಲ. ಹಿಂದಿನ ಗಾಡಿಯಾಂವ ಓದ್ಕೋತನ ಬರಬೇಕು."

ಯಜಮಾನರ ಮುಖ ಅರಳಿತು. ಎತ್ತರ ಇಲ್ಲದಿದ್ದರೂ ಹೋಗಲಿ, ಓದಲು ಏನೋ ಒಂದು ಸಿಕ್ಕಿತಲ್ಲ. "ಇದೇ ಮುಗಿಸೋಣೇನ ಮೀರಾ?" ಎಂದರು. ಅಷ್ಟು ಬೇಗ ಅವರು ನನ್ನನ್ನೂ ಒಪ್ಪಿರಲಿಲ್ಲ.

ನಾನು ಫರಹತ್ ಕಡೆ ತಿರುಗಿದೆ. "ನೀ ಹೇಳವಾ. ದಿನಾ ಇವುಗಳ ಜೋಡಿ ಇರಾಕಿ ನೀನು. ಯಾವುದು ಛಲೋ?"

ಅವಳು ತಂದೆಯ ಮುಖ ನೋಡಿದಳು. ಅವರು ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದರು, ಸುತ್ತ ಐದಾರು ಜನ ವ್ಯಾಪಾರಿಗಳು. ಹುಡುಗಿ ತುಟಿ ಕಚ್ಚಿಕೊಂಡಳು. ಆಮೇಲೆ ಸ್ಪಷ್ಟವಾಗಿ ಹೇಳಿದಳು.

"ಈ ಕಂಪನಿಯವರು ಮೂರು ಥರಾ ಮಾಡ್ತಾರಕ್ಕಾ. ಬೇಸ್, ನಡುವಿಂದು, ಟಾಪ್. ಟಾಪ್ ಮಾಡೆಲ್ ಇದ್ರ ಮ್ಯಾಲಿನ ಮಾಡು ಪೂರಾ ಗಾಜಿಂದಿರತದ. ಇದರ ಮಾಡು ನೋಡ್ರಿ."

ಎಲ್ಲರೂ ಬಗ್ಗಿ ಒಳಗೆ ನೋಡಿದೆವು. ಯಜಮಾನರೂ, ಭೀಮಶಾನೂ, ಚಹಾದ ಲೋಟ ಹಿಡಿದ ವ್ಯಾಪಾರಿಗಳೂ. ಮೇಲೆ ಬೂದು ಬಣ್ಣದ ಬಟ್ಟೆ ಹೊದಿಸಿದ ತಗಡು. ಗಾಜಿನ ಸುಳಿವೇ ಇಲ್ಲ.

ನಮ್ಮ ಕಡೆ ಇದು ಮೋಸ ಅನ್ನಿಸಿಕೊಳ್ಳುವುದಿಲ್ಲ, ಶೋಕಿ ಅನ್ನಿಸಿಕೊಳ್ಳುತ್ತದೆ. ಸ್ಟಿಕರ್ ಅಂಗಡಿಗೆ ಹೋಗಿ ಬೇಸ್ ಗಾಡಿಗೆ ಟಾಪ್ ಹೆಸರು ಅಂಟಿಸಿಕೊಳ್ಳುವುದು, ಮದುವೆಗೆ ಒಡವೆ ಇಸಿದುಕೊಂಡು ಹಾಕಿಕೊಂಡಷ್ಟೇ ಸಹಜ. ಹೆಸರು ಬರೆಸಿಕೊಂಡ ಗುತ್ತಿಗೆದಾರ ಅದನ್ನು ನಂಬಿಕೊಂಡೇ ಓಡಿಸಿದ್ದಿರಬೇಕು. ಅದೇ ಹೆಸರನ್ನು ನಂಬಿ ಬಂದೇನವಾಜ್ ಭಾಯ್ ಟವೆಲಿನ ಕೆಳಗೆ ಟಾಪ್ ಮಾಡೆಲಿನ ಬೆಲೆ ಒತ್ತಿದ್ದರು. ಮೂವತ್ತು ವರ್ಷ ಲಾರಿಯ ಎಂಜಿನ್ನಿನ ಸದ್ದು ಕೇಳಿ ಅದರ ಆಯುಷ್ಯ ಹೇಳಿದ ಮನುಷ್ಯ, ಒಂದು ಸಲ ಮಾಡು ನೋಡುವುದನ್ನು ಮರೆತಿದ್ದರು. ಈಗ ಅದು ಮಂದಿಯ ಮುಂದೆ ಬಯಲಾಗಿತ್ತು.

ಅವರು ಲೋಟ ಕೆಳಗಿಟ್ಟರು. "ಭಾಳ ಶಾಣ್ಯಾಕಿ ಆಗೀದಿ ಬೇಟಿ," ಎಂದರು. ಧ್ವನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ನೀ ಕೊಳ್ಳಿಸಿದ ಆ ಹೆಣದ ಗಾಡಿ ಇವತ್ತ ಸಂಜೀತನಾ ನೀನೇ ಮಾರು. ಬೆಲಿ ನಾ ಮಾತಾಡಂಗಿಲ್ಲ, ಭೀಮಶಾನೂ ಮಾತಾಡಂಗಿಲ್ಲ. ಮಾರಲಿಲ್ಲಂದ್ರ ನಾಳಿಂದ ಅಡ್ಡಾಕ್ಕ ಬರಬ್ಯಾಡ."

ಫರಹತ್ ನೀಲಿ ಗಾಡಿಯ ಕಡೆ ತಿರುಗಿದಳು. ಅವಳ ಕಣ್ಣು ತುಂಬಿದ್ದು ನನಗೆ ಕಾಣಿಸಿತು. ನನಗೆ ಅಲ್ಲೇ ಆ ನೀಲಿ ಗಾಡಿ ಕೊಂಡುಬಿಡುವ ಮನಸ್ಸಾಯಿತು. ಆದರೆ ಕನಿಕರಕ್ಕೆ ಗಾಡಿ ಕೊಂಡರೆ ಅವಳು ಗೆದ್ದ ಹಾಗಾಗುವುದಿಲ್ಲ, ನನ್ನ ಸೊಂಟವೂ ಉಳಿಯುವುದಿಲ್ಲ. ನಾನೂ ವ್ಯಾಪಾರಿಯೇ. ಸೀರೆ ಕೊಳ್ಳುವಾಗ ಬಿಚ್ಚಿ, ಬೆಳಕಿಗೆ ಹಿಡಿದು, ಹಿಂಡಿ ನೋಡುವವಳು. "ತೋರಿಸು ನಿನ್ನ ಗಾಡಿ," ಎಂದೆ.

ಅವಳು ಮೂಗು ಒರೆಸಿಕೊಂಡು ಕೆಲಸಕ್ಕೆ ಇಳಿದಳು. ಇದು ನಡುವಿನ ಮಾಡೆಲ್ಲು. ಹೆಸರಿನ ಪಟ್ಟಿಯೇ ಇಲ್ಲ. ಆದರೆ ಮುಂದಿನ ಸೀಟು ಗುಂಡಿ ಒತ್ತಿದರೆ ಮುಂದೆ, ಹಿಂದೆ, ಮೇಲೆ, ಕೆಳಗೆ ಹೋಗುತ್ತದೆ, ಸೊಂಟದ ಕಡೆ ಉಬ್ಬಿಕೊಳ್ಳುತ್ತದೆ. ಬಿಳಿಯದರಲ್ಲಿ ಅದಿಲ್ಲ, ಅದರ ಚರ್ಮವೂ ಆಮೇಲೆ ಹೊಲಿಸಿದ ಕವರು. ಇದರ ಡಿಕ್ಕಿಯ ಬಾಗಿಲು ತಾನೇ ಏಳುತ್ತದೆ. ಒಳಗಿನ ಹಿಡಿ ಎಳೆದರೆ ಹಿಂದಿನ ಸೀಟು ಧಪ್ಪನೆ ಮಲಗಿ, ಹಾಸಿಗೆಯಷ್ಟು ನೆಲ ಸಮವಾಗುತ್ತದೆ.

"ಆದ್ರ ಗಾಜಿನ ಮಾಡು ಇಲ್ಲಲ್ಲ ಇದಕ್ಕ?" ಎಂದರು ಯಜಮಾನರು. ಈಗ ತಾನೇ ಕಲಿತ ಪಾಠವನ್ನು ಅವರು ಬಿಡಲು ತಯಾರಿರಲಿಲ್ಲ.

"ಇಲ್ರಿ ಅಂಕಲ್. ಅದಕ್ಕ ಇದು ಕೊಳ್ಳಿಸೀನಿ. ಏಪ್ರಿಲ್ ತಿಂಗಳಾಗ ನಮ್ಮ ಬಿಸಿಲಾಗ ಗಾಜಿನ ಮಾಡಿನ ಕೆಳಗ ಕುಂಡ್ರಿ, ಭಟ್ಟಿಯಾಗಿನ ರೊಟ್ಟಿ ಆಗ್ತೀರಿ. ಆ ಗಾಜು ಒಡದ್ರ ಹೈದರಾಬಾದಿನ್ಯಾಗೂ ಸಿಗಂಗಿಲ್ಲ. ಟಾಪ್ ಮಾಡೆಲಿಗೆ ಕೊಡೂ ಹೆಚ್ಚಿನ ರೊಕ್ಕ ಎಲ್ಲಾ ಆ ಗಾಜಿಗೇ ಹೋಗತದ. ಎಂಜಿನ್ ಎರಡಕ್ಕೂ ಒಂದ."

ಆಮೇಲೆ ಅವಳು ಸೀಟಿನ ಇನ್ನೊಂದು ಗುಂಡಿ ತೋರಿಸಿದಳು. ಒತ್ತಿದರೆ ಸೀಟು ಬಿಸಿಯಾಗುತ್ತದಂತೆ. ಭೀಮಶಾ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಊರಾಗ ಕುಂಡಿ ಕಾಯಿಸಾಕ ಮಿಶನ್ ಬೇಕೇನ್ರಿ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗು ಮುಗಿದ ಮೇಲೆ ಚಪ್ಪಲಿ ಬಿಟ್ಟು ಡಿಕ್ಕಿ ಹತ್ತಿ ಅಂಗಾತ ಮಲಗಿಬಿಟ್ಟೆ. ಕಾಲು ಚಾಚಿದರೂ ಬಾಗಿಲಿಗೆ ತಾಗಲಿಲ್ಲ. ಯಜಮಾನರು ಗಾಬರಿಯಾಗಿ, "ಏಳ ಮೀರಾ, ಮಂದಿ ನೋಡಾಕತ್ತಾರ," ಎಂದರು.

"ನೋಡ್ಲಿ ಬಿಡ್ರಿ. ಹೆಣದ ಗಾಡಿ ಅಂತಾರಲ್ಲ, ಜೀವ ಇದ್ದಾಗ ಒಮ್ಮೆ ಮಲಗಿ ನೋಡ್ತೇನಿ. ಆಮ್ಯಾಲ ಛಲೋ ಇತ್ತೋ ಇಲ್ಲೋ ಹೇಳಾಕ ಆಗಂಗಿಲ್ಲ."

ಅಡ್ಡಾಕ್ಕೆ ಅಡ್ಡಾವೇ ನಕ್ಕಿತು. ಕುರ್ಚಿಯಲ್ಲಿದ್ದ ಬಂದೇನವಾಜ್ ಭಾಯ್ ಮಾತ್ರ ರಸ್ತೆಯ ಕಡೆ ಮುಖ ತಿರುಗಿಸಿಕೊಂಡರು. ನಮ್ಮ ಸಣ್ಣ ಕಾರಿನ ಗಂಟುಗಳನ್ನೆಲ್ಲ ನೀಲಿ ಗಾಡಿಗೆ ಹಾಕಿಸಿದೆ. ಎಲ್ಲವೂ ಹಿಂದೆಯೇ ಹಿಡಿದು ಇನ್ನೂ ಜಾಗ ಮಿಕ್ಕಿತು. ಬರೀ ನಿಂತ ಗಾಡಿ ನೋಡಿ ನಂಬುವವಳು ನಾನಲ್ಲ. ಭಾರ ಹೊತ್ತುಕೊಂಡು ಹುಮನಾಬಾದಿನ ತನಕ ಹೋಗಿ ಬರಬೇಕು ಎಂದೆ. ಫರಹತ್ ಪಕ್ಕದಲ್ಲಿ ಕೂತಳು, ಯಜಮಾನರು ಮಲಗಿಸದೆ ಉಳಿಸಿದ್ದ ಒಂದು ಹಿಂದಿನ ಸೀಟಿನಲ್ಲಿ ಗಂಟಿಗೆ ಒರಗಿಕೊಂಡರು.

ಹೈವೇಗೆ ಬಂದ ಮೇಲೆ ಆ ಬಿಸಿಯ ಗುಂಡಿ ಒತ್ತಿದೆ. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಕಾಸಿದ ಮರಳಿನ ಗಂಟು ಬೆನ್ನಿಗೆ ಇಟ್ಟ ಹಾಗೆ ಬಿಸಿ ಮೆಲ್ಲಗೆ ಹತ್ತತೊಡಗಿತು. ಸೋಲಾಪುರದಿಂದ ಹೊತ್ತು ತಂದಿದ್ದ ನೋವು ಒಂದೊಂದೇ ಎಳೆ ಬಿಚ್ಚಿಕೊಂಡು ಇಳಿಯುತ್ತಿತ್ತು. ನಾನು ಅದರ ಮಾತೇ ಎತ್ತಲಿಲ್ಲ. ನಗೆಯಾಡಿದ ಗುಂಡಿಗೇ ಇಷ್ಟು ಬೆಲೆ ಇದೆ ಎಂದು ಗೊತ್ತಾದರೆ ಚೌಕಾಸಿ ಕೆಡುತ್ತದೆ.

ರಾಜೇಶ್ವರದ ಹತ್ತಿರ ಸ್ಪೀಡ್ ಬ್ರೇಕರಿನ ಮೇಲೆ ಗಾಡಿಯ ಹೊಟ್ಟೆ ಗರ್ರ್ ಎಂದು ತಾಗಿತು. ನಾನು ಫರಹತ್ ಕಡೆ ನೋಡಿದೆ.

"ತಾಗತದಕ್ಕಾ," ಎಂದಳು ಫರಹತ್. "ಪೂರಾ ತುಂಬಿದ್ರ ತಾಗತದ. ಓರಿ ಮಾಡಿ ದಾಟಿಸಬೇಕು. ಸರ್ವಿಸಿಗೆ ಹೈದರಾಬಾದಿಗೆ ಹೋಗಬೇಕು, ಒಂದೊಂದು ಸಾಮಾನು ಬರಾಕ ತಿಂಗಳ ಹಿಡೀತದ. ಹಿಂದಿನ ಎರಡು ಟೈರ್ ಈ ವರ್ಷನ ಬದಲಿಸಬೇಕು. ಇದನ್ನೆಲ್ಲಾ ಬೆಲಿಯಾಗ ಹಿಡೀರಿ."

"ಹಿಂಗ ಹೇಳಿದ್ರ ಯಾರ ಕೊಳ್ತಾರ ಹುಡುಗಿ? ಸಂಜಿ ತನಾ ಮಾರಬೇಕಲ್ಲ ನೀನು."

"ಮಾರಬೇಕ್ರಿ. ಆದ್ರ ನಾಳಿ ನೀವು ಬೈಕೋಂತ ಬರಬಾರದು. ಮಂದಿ ತಿರುಗಿ ಬರಬೇಕು, ತಮ್ಮ ಮಂದೀನ್ನ ಕರಕೊಂಡು ಬರಬೇಕು." ಅವಳು ನನ್ನ ಕಡೆ ತಿರುಗಿದಳು. "ನನಗ ಈ ಕೆಲಸ ಬೇಕಕ್ಕಾ. ಎಲ್ಲಾರೂ ಬ್ಯಾಂಕಿನ ಪರೀಕ್ಷಾ ಕಟ್ಟು ಅಂತಾರ. ನನಗ ಗಾಡಿ ಬೇಕು, ಅಡ್ಡಾ ಬೇಕು. ಬೆರಳಿನ ಲೆಕ್ಕಾನೂ ಕಲ್ತೀನಿ, ನಮ್ಮ ತಂಗಿ ಕೈ ಹಿಡಕೊಂಡು. ಆದ್ರ ಯಾರ ಜೋಡಿ ಆಡ್ಲಿ?"

ಅವಳ ಮಾತು ನನ್ನ ಎದೆಗೇ ನಾಟಿತು. ನಾನು ಅಂಗಡಿ ಇಟ್ಟಾಗಲೂ ಮನೆಯವರೆಲ್ಲ ಗಲ್ಲಾದ ಮೇಲೆ ಯಾರು ಕೂರುತ್ತಾರೆ ಎಂದೇ ಕೇಳಿದ್ದರು.

ಮಾಣಿಕನಗರದಲ್ಲಿ ಅಂಗಡಿ ಮುಂದೆ ನಿಲ್ಲಿಸಿದೆವು. ಪಕ್ಕದ ಪೇಡೆ ಅಂಗಡಿಯ ಮುದುಕ ಓಡಿ ಬಂದು ಟೊಪ್ಪಿಗೆ ತೆಗೆದು, "ಯಾರ ಹೋದ್ರಿ ಬಾಯಾರ?" ಎಂದು ಕೇಳಿದ.

"ನನ್ನ ಸೊಂಟನೋವು ಹೋತ್ರಿ," ಎಂದೆ. ಗಂಟು ಇಳಿಸುವಾಗ ಬಗ್ಗಬೇಕಾಗಲಿಲ್ಲ, ಡಿಕ್ಕಿಯ ನೆಲ ನನ್ನ ಮೊಣಕಾಲಿನಿಂದ ಒಂದು ಗೇಣು ಮೇಲಿತ್ತು. ಎಳೆದರೆ ಸಾಕು, ಜಾರಿಕೊಂಡು ಬಂದವು. ಯಜಮಾನರು ಹಿಂದಿನ ಸೀಟಿನಿಂದ ಇಳಿಯಲೇ ಇಲ್ಲ. ನೋಡಿದರೆ ಗೊರಕೆ ಹೊಡೆಯುತ್ತಿದ್ದರು. ಎತ್ತರದ ಗಾಡಿ ಬೇಕೆಂದವರಿಗೆ ಇಷ್ಟು ತಗ್ಗಿನಲ್ಲಿ ಇಷ್ಟು ನಿದ್ದೆ ಹೇಗೆ ಬಂತೋ.

ಸಸ್ತಾಪುರಕ್ಕೆ ತಿರುಗಿ ಬಂದಾಗ ಬಿಸಿಲು ಇಳಿಯುತ್ತಿತ್ತು. ಸುದ್ದಿ ಹಬ್ಬಿ ಅಕ್ಕಪಕ್ಕದ ಅಡ್ಡಾದವರೂ ಸೇರಿದ್ದರು. ಬಂದೇನವಾಜ್ ಭಾಯ್ ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದರು. ಗಾಡಿ ನನಗೆ ಒಪ್ಪಿಗೆ ಎಂದೆ. ಗುಂಪು ಗುಜುಗುಜು ಎಂದಿತು.

ಭೀಮಶಾ ಮೀಸೆಯಲ್ಲೇ ನಕ್ಕ. "ಒಪ್ಪಿಗಿ ಆತು, ಬೆಲಿ ಹ್ಯಾಂಗ್ರಿ? ಭಾಯ್ ಕೈ ಕೊಡಂಗಿಲ್ಲ, ನಾನೂ ಕೊಡಂಗಿಲ್ಲ. ಸಾವ್ಕಾರ್ರ ಕೈ ಈ ಹುಡುಗಿ ಹಿಡಿಯಂಗಿಲ್ಲ. ಒದರಿ ಹೇಳಿದ್ರ ನಾಳಿ ಬಜಾರಕ್ಕೆಲ್ಲಾ ಗೊತ್ತಾಗತದ."

"ಸಾವ್ಕಾರ್ರು ಯಾಕ ಬೇಕು?" ಎಂದೆ. "ಗಾಡಿ ಕೊಳ್ಳಾಕಿ ನಾನು."

ಅಷ್ಟು ಜನರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ಅವರ ಲೆಕ್ಕದಲ್ಲಿ ಗಾಡಿ ಕೊಳ್ಳುವವನು ಗಂಡಸೇ, ಹೆಂಗಸು ಬಣ್ಣ ಆರಿಸಲು ಬಂದವಳು. ನಾನು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ, ಅಗಲ ಮಾಡಿ, ಬಲಗೈ ಮೇಲೆ ಹರಡಿಕೊಂಡೆ. "ಬಾ ಫರಹತ್. ಟವೆಲ್ ಇಲ್ಲ, ಇಲಕಲ್ ಸೆರಗು ನಡೀತದೇನು?"

ಅವಳ ಕೈ ಸೆರಗಿನ ಕೆಳಗೆ ಬಂತು. ತಣ್ಣಗಿತ್ತು. ನಾನು ಕನಿಕರ ತೋರಿಸಲಿಲ್ಲ. ನಮ್ಮಪ್ಪ ಕಲಿಸಿದ ಹಾಗೆ ಮೊದಲೇ ಕಡಿಮೆಗೆ ಒತ್ತಿದೆ. ಅವಳ ಹಿಡಿತ ಅಲ್ಲೇ ಗಟ್ಟಿಯಾಯಿತು. ನನ್ನ ಬೆರಳುಗಳನ್ನು ಸೇರಿಸಿ ಹಿಡಿದು ಹಿಂಡಿದಳು ನೋಡಿ, ಬಳೆ ಚಟ್ಟೆಂದಿತು. ಅಷ್ಟು ಬೆಲೆ! ನಾನು ಎರಡು ಬೆರಳು ಬಿಡಿಸಿದೆ. ಅವಳು ಒಂದನ್ನು ವಾಪಸು ಹಿಡಿದಳು. ಸ್ಪೀಡ್ ಬ್ರೇಕರನ್ನು ನೆನಪಿಸಲು ನಾನು ಗೆಣ್ಣು ಒತ್ತಿದೆ. ಟೈರಿನ ಲೆಕ್ಕಕ್ಕೆ ಅರ್ಧ ಗೆಣ್ಣು ಬಿಟ್ಟುಕೊಟ್ಟಳು. ಇನ್ನೂ ಬಿಡು ಎಂದು ಜಗ್ಗಿದೆ. ಆಗ ಅವಳು ಇನ್ನೊಂದು ಕೈಯಿಂದ ನನ್ನ ಸೊಂಟವನ್ನು ಮೆಲ್ಲಗೆ ಮುಟ್ಟಿ ನನ್ನ ಕಣ್ಣನ್ನೇ ನೋಡಿದಳು. ಬಿಸಿಯ ಗುಂಡಿ ಒತ್ತಿದ್ದನ್ನೂ, ಆಮೇಲೆ ಪೇಡೆ ಅಂಗಡಿಯ ಮುದುಕನ ಮುಂದೆ ನಾನು ಬಾಯಿ ತಪ್ಪಿ ಅಂದದ್ದನ್ನೂ ಕಳ್ಳಿ ಗಮನಿಸಿದ್ದಳು!

ಸುತ್ತ ನಿಂತವರು ನಮ್ಮಿಬ್ಬರ ಮುಖ ನೋಡುತ್ತಿದ್ದರು. ಗಂಡಸರ ಮುಖ ಓದಿ ರೂಢಿಯಾದವರಿಗೆ ಹೆಂಗಸರ ಮುಖದಲ್ಲಿ ಏನೂ ಸಿಗಲಿಲ್ಲ. ಒಬ್ಬ ಪಕ್ಕದಿಂದ ಬಗ್ಗಿ ಇಣುಕಲು ಬಂದ. ಪರಹೆಂಗಸಿನ ಸೆರಗಿನ ಕೆಳಗೆ ಇಣುಕುತ್ತೀಯಾ ಎಂದು ಯಜಮಾನರು ಗದರಿದ ರಭಸಕ್ಕೆ ಮೂರು ಹೆಜ್ಜೆ ಹಿಂದೆ ಹೋದ. ಟವೆಲಿಗಿಂತ ಸೆರಗೇ ಭದ್ರ ಎಂದು ಆಗ ಗೊತ್ತಾಯಿತು.

ನಾನು ಅರ್ಧ ಗೆಣ್ಣು ಏರಿದೆ. ಅವಳು ಅರ್ಧ ಇಳಿದಳು. ಅಂಗೈಗೆ ಅಂಗೈ ಒತ್ತಿದೆವು.

ಸೆರಗು ತೆಗೆದಾಗ ಯಾರೋ ಸೀಟಿ ಹೊಡೆದರು. ಭೀಮಶಾ ಮೊದಲು ಓಡಿ ಬಂದ. "ಎಷ್ಟಕ್ಕಾತು? ಎಷ್ಟಕ್ಕಾತು?" ಯಜಮಾನರೂ ನನ್ನ ಕಿವಿಯ ಹತ್ತಿರ ಬಂದು ಅದನ್ನೇ ಕೇಳಿದರು. ಅವರು ಇವತ್ತಿಗೂ ಕೇಳುತ್ತಲೇ ಇದ್ದಾರೆ.

ಬಂದೇನವಾಜ್ ಭಾಯ್ ಕುರ್ಚಿಯಿಂದ ಎದ್ದು ಬಂದರು. ಜನ ದಾರಿ ಬಿಟ್ಟರು. ಮಗಳ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದರು. "ಎಷ್ಟಕ್ಕ ಕೊಟ್ಟಿ?"

ಫರಹತ್ ತಲೆಯ ಮೇಲಿನ ಓಢಣಿ ಸರಿಮಾಡಿಕೊಂಡಳು. "ಕೈಯಾಗಿನ ಬೆಲಿ ಪಾಲುದಾರಗ ಬಿಟ್ಟು ಯಾರಿಗೂ ಹೇಳಬಾರದು. ನೀವೇ ಅಂತೀರಲ್ಲ ಅಬ್ಬಾ."

ಇಷ್ಟು ದೂರ ಬಂದು ಹುಡುಗಿ ಪಾಲನ್ನೇ ಕೇಳಿ ಒಂದು ಹೆಜ್ಜೆ ಹೆಚ್ಚಿಟ್ಟಳೋ ಏನೋ ಎಂದುಕೊಂಡೆ. ಭಾಯ್ ಬಿಳಿ ಗಾಡಿಯ ಕಡೆ ನೋಡಿದರು, ನೀಲಿಯ ಕಡೆ ನೋಡಿದರು, ಸುತ್ತ ನಿಂತ ಹಳೆಯ ವ್ಯಾಪಾರಿಗಳ ಮುಖಗಳನ್ನೂ ನೋಡಿದರು. ಆಮೇಲೆ ಮಗಳ ಹೆಗಲ ಮೇಲೆ ಕೈ ಇಟ್ಟರು.

"ಹೌದು. ನನ್ನ ಪಾಲುದಾರ ಇಕಿ."

ಫರಹತ್‌ಳ ಗದ್ದ ಅದುರಿತು. ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹೋಗುತ್ತಿತ್ತು, ಅದು ದಾಟುವ ತನಕ ಕಾದಳು.

"ಲಾರಿ ಸಪ್ಪಳದಾಗ ಹಿಂದಿನವರಿಗೆ ಕೇಳಿಸಿಲ್ಲ, ಅಬ್ಬಾ. ಇನ್ನೊಮ್ಮೆ ಅನ್ರಿ."

ಬಂದೇನವಾಜ್ ಭಾಯ್ ನಕ್ಕುಬಿಟ್ಟರು. ನನ್ನ ಕಣ್ಣಲ್ಲಿ ನೀರು ಬಂದು ಅವರ ಮುಖ ಸರಿಯಾಗಿ ಕಾಣಲಿಲ್ಲ. ಅವರು ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, ಹೈವೇಯ ಆಚೆ ಬದಿಯ ಅಡ್ಡಾದವರಿಗೂ ಕೇಳಿಸುವ ಹಾಗೆ, ಇನ್ನೊಮ್ಮೆ ಅಂದರು.